ಥೀಸಿಸ್‌ಗೆ ಯಾವ ಗಣಿತದ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು?

"ಮೇಡಂ, ಮ್ಯಾಟ್‌ಲ್ಯಾಬ್ ಹಾಕಿಕೊಡ್ತೀರಾ?" ಪಿಎಚ್‌ಡಿಗೆ ಸೇರಿದ ನಮ್ಮ ಕೋಲಾರದ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಬಂದು ಮೊದಲು ಕೇಳುವುದು ಇದನ್ನೇ. ಹೆಸರು ಮೊದಲು, ಕೆಲಸ ಆಮೇಲೆ. ನಾನು ಗಣಿತ ಪಾಠ ಮಾಡುವವಳು, ಹಾಗಾಗಿ ತಿರುಗಿ ಕೇಳುತ್ತೇನೆ: ನಿನಗೆ ಬೇಕಿರುವುದು ಸೂತ್ರವಾ, ಸಂಖ್ಯೆಯಾ, ಇಲ್ಲ ಅಳೆದು ತಂದ ಡೇಟಾಕ್ಕೆ ಒಂದು ಅರ್ಥವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಸೂತ್ರ ಬೇಕಾದವರಿಗೆ, ಅಂದರೆ ಇಂಟಿಗ್ರಲ್ ಬಿಡಿಸಿ ಅಕ್ಷರದಲ್ಲೇ ಉತ್ತರ ಬೇಕಾದವರಿಗೆ, ಮ್ಯಾಥಮ್ಯಾಟಿಕಾ ಮತ್ತು ಮೇಪಲ್ ಇವೆ. ಎರಡಕ್ಕೂ ದುಡ್ಡು ಕೊಡಬೇಕು. ಪುಕ್ಕಟೆ ಬೇಕಿದ್ದರೆ ಮ್ಯಾಕ್ಸಿಮಾ ಇದೆ. ನಂಬರ್ ಥಿಯರಿಯವರಿಗೆ ಪಾರಿ ಜಿಪಿ, ಗ್ರಾಫ್ ಥಿಯರಿಯವರಿಗೆ ಸೇಜ್‌ಮ್ಯಾತ್ ಸಾಕು. ರಾಮಾನುಜನ್ ಅವರ ಕೆಲಸದ ದಾರಿಯಲ್ಲಿ ಕ್ಯೂ-ಸೀರೀಸ್ ಎಂಬ ಶ್ರೇಣಿಗಳ ಕೆಲಸ ಮಾಡುವವರು ಮಾತ್ರ ಮೇಪಲ್ ಕಡೆ ಒಮ್ಮೆ ನೋಡಿ. ಗಣಿತಜ್ಞ ಫ್ರಾಂಕ್ ಗಾರ್ವನ್ ಅದಕ್ಕೆಂದೇ ಬರೆದ ಪ್ಯಾಕೇಜ್ ಅಲ್ಲಿದೆ.

ನಮ್ಮ ಕಡೆ ಗಣಿತದಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ದ್ರವ ಅನಿಲಗಳ ಹರಿವಿನ ಲೆಕ್ಕ, ಹಿಡಿಯುವವರು ಜಾಸ್ತಿ. ಬೌಂಡರಿ ಲೇಯರ್, ನ್ಯಾನೋಫ್ಲೂಯಿಡ್, ಹೀಗೆ. ಇವರಿಗೆ ಬೇಕಿರುವುದು ಸಂಖ್ಯೆ. ಮ್ಯಾಟ್‌ಲ್ಯಾಬ್‌ನ ಬಿವಿಪಿ4ಸಿ ಎಂಬ, ಎರಡೂ ತುದಿಯಲ್ಲಿ ಷರತ್ತು ಇರುವ ಸಮೀಕರಣ ಬಿಡಿಸುವ ಫಂಕ್ಷನ್ ಇಲ್ಲದೆ ಥೀಸಿಸ್ಸೇ ಆಗುವುದಿಲ್ಲ ಎಂದು ಸುಮಾರು ಜನ ನಂಬಿದ್ದಾರೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ ಸಾಲ್ವ್ ಬಿವಿಪಿ ಕೂಡ ಅದೇ ಬಗೆಯ ಕೊಲೊಕೇಶನ್ (ಆಯ್ದ ಬಿಂದುಗಳಲ್ಲಿ ಸಮೀಕರಣ ಹೊಂದಿಸುವ) ವಿಧಾನದ ಮೇಲೆ ನಡೆಯುತ್ತದೆ, ದುಡ್ಡಿಲ್ಲದೆ ಸಿಗುತ್ತದೆ. ಗೈಡ್ ಹತ್ತಿರ ಮೊದಲೇ ಮ್ಯಾಟ್‌ಲ್ಯಾಬ್ ಕೋಡ್ ಇದ್ದರೆ ಅದನ್ನು ಅದೇ ಭಾಷೆ ಓದುವ ಪುಕ್ಕಟೆ ಸಾಫ್ಟ್‌ವೇರ್ ಆಕ್ಟೇವ್‌ನಲ್ಲಿ ಓಡಿಸಿ ನೋಡಿ. ಬಹುಪಾಲು ಹಾಗೇ ಓಡುತ್ತದೆ. ಆದರೆ ನೀವು ಬಳಸುವ ಫಂಕ್ಷನ್ ಅದರಲ್ಲಿ ಇದೆಯಾ ಎಂದು ಒಂದೊಂದನ್ನೂ ಹೆಸರು ಹಿಡಿದು ಹುಡುಕಿ.

ಯಾವುದನ್ನೇ ಹಾಕಿಕೊಳ್ಳಿ, ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಕೊಡಿ. ಫ್ಲೂಯಿಡ್‌ನವರಿಗೆ ಚಪ್ಪಟೆ ಹಲಗೆಯ ಮೇಲಿನ ಹರಿವಿನ ಬ್ಲಾಸಿಯಸ್ ಸಮೀಕರಣಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅರ್ಧ ಎಂಬ ಗುಣಾಂಕ ಇರುವ ರೂಪದಲ್ಲಿ ಗೋಡೆಯ ಹತ್ತಿರದ ಎರಡನೇ ಡೆರಿವೇಟಿವ್ 0.332 ಬರಬೇಕು. ಅರ್ಧ ಇಲ್ಲದ ರೂಪದಲ್ಲಿ 0.4696. ಗೋಡೆಯಿಂದ ಅನಂತ ದೂರ ಎನ್ನುವ ಜಾಗದಲ್ಲಿ ಎಷ್ಟು ಹಾಕಿದಿರಿ ಎನ್ನುವುದೂ ಮುಖ್ಯ. ಅರ್ಧ ಇರುವ ರೂಪದಲ್ಲಿ 5ಕ್ಕೇ ನಿಲ್ಲಿಸಿದರೆ ನಿಜವಾದ ವೇಗ ಅಲ್ಲಿಗೆ ಇನ್ನೂ ಹೊರಗಿನ ವೇಗದ 0.99 ಪಾಲಿನ ಹತ್ತಿರವೇ ಇರುತ್ತದೆ, ನೀವು ಅದನ್ನು ಬಲವಂತವಾಗಿ 1 ಮಾಡಿದ ಹಾಗಾಯಿತು. 10 ಹಾಕಿ, 12 ಹಾಕಿ, ಉತ್ತರ ಕದಲದಿದ್ದರೆ ಮುಂದಕ್ಕೆ ಹೋಗಿ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ವೈವಾದಲ್ಲಿ ಕೇಳುತ್ತಾರೆ ಅಂತಲ್ಲ. ನಿಮ್ಮ ಸಂಖ್ಯೆಯನ್ನು ಮೊದಲು ನೀವು ನಂಬಬೇಕು, ಅಲ್ವಾ?

ಇನ್ನು ಡೇಟಾದವರು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಕೆಲಸ ಮಾಡುವವರು ಕಡಿಮೆ ಇಲ್ಲ. ಬಂಗಾರಪೇಟೆ, ಮುಳಬಾಗಿಲು ಅಂತ ಸುತ್ತಿ ಸ್ಯಾಂಪಲ್ ತಂದು ನೇರವಾಗಿ ಎಕ್ಸೆಲ್‌ಗೆ ತುಂಬುತ್ತಾರೆ. ತುಂಬಲಿ, ತಪ್ಪಿಲ್ಲ. ಲೆಕ್ಕ ಮಾತ್ರ ಆರ್‌ನಲ್ಲಿ ಮಾಡಿ ಎನ್ನುತ್ತೇನೆ. ಅಂಕಿಅಂಶದವರಿಗೆಂದೇ ಹುಟ್ಟಿದ ಭಾಷೆ ಅದು. ಯಂತ್ರ ಅಳೆಯಲಾಗದಷ್ಟು ಕಡಿಮೆ ಇರುವ ಸ್ಯಾಂಪಲ್‌ಗೆ ಸುಮ್ನೆ ಸೊನ್ನೆ ಹಾಕಿಬಿಟ್ಟರೆ ಸರಾಸರಿ ಕೆಡುತ್ತದೆ. ಅಂಥವನ್ನು ಸರಿಯಾಗಿ ಎಣಿಸುವ ಪ್ಯಾಕೇಜ್‌ಗಳು ಆರ್‌ನಲ್ಲಿವೆ. ಗ್ರಾಫ್‌ನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿಯ ಗೆರೆಯನ್ನೂ ಎಳೆಯಿರಿ. ಯಾವ ಊರಿನ ನೀರು ಗೆರೆ ದಾಟಿದೆ ಎನ್ನುವುದೇ ಓದುವವರಿಗೆ ಬೇಕಿರುವ ಮಾತು.

ಎಕ್ಸೆಲ್‌ನಲ್ಲಿ ಎಡವಿ ಬೀಳುವ ಒಂದು ಜಾಗ ಇದೆ, ಹೇಳಲೇಬೇಕು. ಗ್ರಾಫ್ ಮೇಲೆ ಅದು ಬರೆದುಕೊಡುವ ಟ್ರೆಂಡ್‌ಲೈನ್ ಸಮೀಕರಣದಲ್ಲಿ ಗುಣಾಂಕಗಳನ್ನು ಕತ್ತರಿಸಿ ತೋರಿಸುತ್ತದೆ. ಮಳೆಗೂ ಇಸವಿಗೂ ಎರಡನೇ ಘಾತದ ರೇಖೆ ಹೊಂದಿಸಿದ್ದೀರಿ ಎಂದುಕೊಳ್ಳಿ. 2015ರ ವರ್ಗ 40,60,225. ಗುಣಾಂಕದಲ್ಲಿ 0.0001 ಹೋದರೆ ಉತ್ತರ 406ರಷ್ಟು ಆಚೀಚೆ ಆಗುತ್ತದೆ. ಲೇಬಲ್‌ನ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ, ಇಲ್ಲವೇ ಲಿನ್‌ಎಸ್ಟ್ ಫಂಕ್ಷನ್ ಬಳಸಿ, ಅದು ಗುಣಾಂಕಗಳನ್ನು ನೇರವಾಗಿ ಕೊಡುತ್ತದೆ. ಇಸವಿಯಿಂದ 2000 ಕಳೆದು ಶುರು ಮಾಡುವುದು ಇನ್ನೂ ಒಳ್ಳೆಯದು.

ಇಷ್ಟಾದ ಮೇಲೂ ಎರಡು ಸಾಫ್ಟ್‌ವೇರ್ ನಡುವೆ ಮನಸ್ಸು ಹೊಯ್ದಾಡಿದರೆ ನನ್ನ ಅಳತೆಗೋಲು ಒಂದೇ: ಅದೇ ಗ್ರಾಫ್ ಎರಡು ವರ್ಷ ಬಿಟ್ಟು ಮತ್ತೆ ಬರಬೇಕು. ಪೇಪರ್ ಕಳಿಸಿದ ಎಷ್ಟೋ ತಿಂಗಳ ಮೇಲೆ ಅದನ್ನು ಪರಿಶೀಲಿಸುವ ರೆಫರಿ "ಈ ಎರಡು ಬಿಂದು ತೆಗೆದು ಮತ್ತೆ ಹಾಕಿ" ಎನ್ನುತ್ತಾರೆ. ಮೌಸ್‌ನಲ್ಲಿ ಒತ್ತಿ ಒತ್ತಿ ಮಾಡಿದವರು ಎಲ್ಲಿ ಒತ್ತಿದ್ದೆ ಎಂದು ನೆನಪಿಸಿಕೊಳ್ಳುತ್ತಾ ಕೂರಬೇಕು. ಸ್ಕ್ರಿಪ್ಟ್ ಬರೆದಿಟ್ಟವರು ಒಂದು ಸಾಲು ಬದಲಿಸಿ ಓಡಿಸುತ್ತಾರೆ. ಲೈಸೆನ್ಸ್ ವಿಷಯವೂ ಇಲ್ಲೇ ಬರುತ್ತದೆ. ಕಾಲೇಜಿನ ಲೈಸೆನ್ಸ್ ನೀವು ಕಾಲೇಜು ಬಿಟ್ಟ ದಿನಕ್ಕೆ ಮುಗಿಯಬಹುದು, ನಿಮ್ಮ ಫೈಲ್ ಮಾತ್ರ ಉಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಓಡಾಡುವ ಕ್ರ್ಯಾಕ್ ಕಾಪಿಯನ್ನು ಖಂಡಿತ ಮುಟ್ಟಬೇಡಿ. ಐದು ವರ್ಷದ ದುಡಿಮೆ ಇರುವ ಲ್ಯಾಪ್‌ಟಾಪ್‌ಗೆ ವೈರಸ್ ಕರೆದ ಹಾಗೆ.

ಚಿತ್ರ ಬರೆಯುವುದಕ್ಕೆ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್, ಆರ್‌ನ ಜಿಜಿಪ್ಲಾಟ್2, ಗ್ನೂಪ್ಲಾಟ್ ಯಾವುದಾದರೂ ಸರಿ. ಜಿಯೋಜೀಬ್ರಾ, ಡೆಸ್ಮೋಸ್ ಪಾಠಕ್ಕೆ ಬಹಳ ಚೆನ್ನ, ಡೇಟಾ ತುಂಬಿದ ಥೀಸಿಸ್‌ಗೆ ಸಾಲದು. ಗೆರೆಯ ಗ್ರಾಫ್ ಉಳಿಸುವಾಗ ಪಿಡಿಎಫ್ ಅಥವಾ ಎಸ್‌ವಿಜಿ ಮಾಡಿ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಜರ್ನಲ್‌ನ ಒಂದು ಕಾಲಂ ಸುಮಾರು 9 ಸೆಂಟಿಮೀಟರ್ ಅಗಲ. ಮೊದಲಿಂದಲೇ ಆ ಅಳತೆಗೆ ಬರೆಯಿರಿ, ಇಲ್ಲದಿದ್ದರೆ ಕುಗ್ಗಿಸಿದಾಗ ಅಕ್ಷರ ಕಾಣುವುದಿಲ್ಲ. ಕೆಂಪು ಹಸಿರು ಬಣ್ಣ ಬೇರೆ ಮಾಡಿ ನೋಡಲಾಗದವರು ಇದ್ದಾರೆ, ಕಾಮನಬಿಲ್ಲಿನ ಬಣ್ಣ ಬಿಟ್ಟು ವಿರಿಡಿಸ್ ಎಂಬ ಬಣ್ಣದ ಸಾಲನ್ನು ಬಳಸಿ.

ಕನ್ನಡದಲ್ಲಿ ಹೆಸರು ಹಾಕುವುದಿದ್ದರೆ ಮೊದಲು "ಶ್ರೀನಿವಾಸಪುರ" ಎಂದು ಬರೆದು ನೋಡಿ. ಎಷ್ಟೋ ಪ್ಯಾಕೇಜ್‌ಗಳಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬರುತ್ತದೆ. ಹಾಗಾದರೆ ಎಸ್‌ವಿಜಿ ಫೈಲನ್ನು ಚಿತ್ರ ತಿದ್ದುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ತೆರೆದು ಅಲ್ಲಿ ಹೆಸರು ಬರೆಯಿರಿ, ಸರಿಯಾಗಿ ಕೂರುತ್ತದೆ.

ಕಲಿಯುವುದು ಹೇಗೆ ಎನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕನ್ನಡದ ಪಾಠಗಳೂ ಇವೆ. ಮತ್ತೆ, ಬಳಸಿದ ಸಾಫ್ಟ್‌ವೇರಿನ ಹೆಸರಿನ ಜೊತೆ ಆವೃತ್ತಿಯ ಸಂಖ್ಯೆಯನ್ನೂ ಥೀಸಿಸ್‌ನಲ್ಲಿ ಬರೆಯಿರಿ. ಆರ್‌ನಲ್ಲಿ ಸೈಟೇಶನ್ ಎಂಬ ಆಜ್ಞೆ ಕೊಟ್ಟರೆ ಉಲ್ಲೇಖ ಹೇಗಿರಬೇಕೆಂದು ಅದೇ ತೋರಿಸುತ್ತದೆ.