ಮಳೆಗಾಲದ ಫೀಸಿಗೆ ಬೇಸಿಗೆಯಲ್ಲೇ ಹಣ: ಉತ್ತರ ಕನ್ನಡದ ಕಾಲೇಜು ವಿದ್ಯಾರ್ಥಿಗೊಂದು ಲೆಕ್ಕ

ವಿದ್ಯಾರ್ಥಿಗಳಿಗೆ ಹಣದ ವಿಚಾರ ಹೇಳುವವರೆಲ್ಲ ತಿಂಗಳ ಲೆಕ್ಕ ಬರೆದಿಡಿ ಎನ್ನುತ್ತಾರೆ. ಸಂಬಳದ ಮನೆಯ ಮಕ್ಕಳಿಗೆ ಅದು ಸರಿಯೇ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಹಣ ಬರುವುದು ತಿಂಗಳಿನ ಲೆಕ್ಕದಲ್ಲಲ್ಲ, ಹಂಗಾಮಿನ ಲೆಕ್ಕದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ಸುಲಿದು, ವಖಾರಿ ಸೇರಿ, ವ್ಯಾಪಾರದ ಪಟ್ಟಿ ಕೈಗೆ ಬಂದ ಮೇಲೆಯೇ ಮನೆಯಲ್ಲಿ ಹಣದ ಮಾತು. ಕಾರವಾರ, ಅಂಕೋಲಾ, ಹೊನ್ನಾವರದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ಕಾಲೇಜು ಹಣ ಕೇಳುವುದೂ ಸರಿಯಾಗಿ ಆ ದಿನಗಳಲ್ಲೇ. ತೋಟದವರಿಗೆ ಆಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೂಲಿಯ ಖರ್ಚು ಬೇರೆ. ಹಾಗಾಗಿ ಇಲ್ಲಿಯ ವಿದ್ಯಾರ್ಥಿ ಮೊದಲು ಬರೆಯಬೇಕಾದದ್ದು ವರ್ಷದ ಲೆಕ್ಕ. ತಿಂಗಳಿನದು ಅದರ ನಂತರ.

ನೋಟ್‌ಬುಕ್ಕಿನ ನಟ್ಟನಡುವಿನ ಎರಡು ಪುಟಗಳಲ್ಲಿ ಜೂನ್‌ನಿಂದ ಮೇವರೆಗೆ 12 ಮನೆ ಹಾಕಿ, ಪ್ರತಿ ಮನೆಯಲ್ಲೂ ಬರುವ ಹಣವನ್ನು ಮೇಲೆ, ಹೋಗುವ ಹಣವನ್ನು ಕೆಳಗೆ ಬರೆಯಿರಿ. ಶಿರಸಿಯಲ್ಲಿ ರೂಮು ಹಂಚಿಕೊಂಡು ಪದವಿ ಓದುವ ಒಬ್ಬನ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ರೂಮಿನ ಪಾಲು 1,800, ಮೆಸ್ಸಿಗೆ 3,000. 10 ತಿಂಗಳಿಗೆ ಇವೆರಡೇ 48,000 ರೂಪಾಯಿ. ಫೀಸು 9,000, ರೂಮಿನ ಅಡ್ವಾನ್ಸು 5,000, ಪರೀಕ್ಷಾ ಶುಲ್ಕ 3,000, ಪುಸ್ತಕ ಮತ್ತು ಝೆರಾಕ್ಸ್ 4,000, ಊರಿಗೆ ಹೋಗಿಬರುವುದಕ್ಕೆ 4,000, ಮೊಬೈಲ್ ರಿಚಾರ್ಜಿಗೆ 3,600, ಔಷಧ, ಛತ್ರಿ, ಚಪ್ಪಲಿಗೆಂದು 3,400. ಒಟ್ಟು 80,000. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 6,700ರ ಆಸುಪಾಸು ಬರುತ್ತದೆ. ಆ ಅಂಕಿಯನ್ನು ನಂಬಿ ಕುಳಿತವನು ಜೂನ್‌ನಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಏಕೆಂದರೆ ಫೀಸು, ಅಡ್ವಾನ್ಸು, ಮೊದಲ 3,000ದ ಪುಸ್ತಕ, ಎರಡು ತಿಂಗಳ ರೂಮು ಮತ್ತು ಮೆಸ್ಸಿನ 9,600 ಸೇರಿ ವರ್ಷದ ಮೂರನೆಯ ಒಂದು ಪಾಲು, ಅಂದರೆ 26,600 ರೂಪಾಯಿ, ಮಳೆ ಹಿಡಿದ ಆ ಎರಡು ತಿಂಗಳಲ್ಲೇ ಕೈಬಿಡುತ್ತದೆ. ನಿಮ್ಮ ಅಂಕಿಗಳು ಬೇರೆಯಿರಬಹುದು, ಆದರೆ ಖರ್ಚಿನ ಭಾರ ವರ್ಷದ ಆರಂಭಕ್ಕೇ ವಾಲಿರುವುದು ಎಲ್ಲರ ಪುಟದಲ್ಲೂ ಕಾಣುತ್ತದೆ.

ಆ ಹಣವನ್ನು, ಸುಮಾರು 27,000ವನ್ನು, ಹಿಂದಿನ ಹಂಗಾಮಿನಲ್ಲೇ ಎತ್ತಿಡಬೇಕು. ಅಡಿಕೆ ಪಟ್ಟಿ ಆದ ವಾರವೇ ಅಪ್ಪನ ಹತ್ತಿರ ಈ ಪುಟ ಬಿಡಿಸಿಟ್ಟು ಕುಳಿತು, ಜೂನ್ ಮೊದಲ ವಾರ ಅವಧಿ ಮುಗಿಯುವಂತೆ ಠೇವಣಿ ಇಡಿಸಿದರೆ ಸಾಕು. ಮೀನುಗಾರಿಕೆಯ ಮನೆಯಲ್ಲಿ ಆಗಸ್ಟ್‌ನಿಂದ ಮೇವರೆಗೆ, ಅಂದರೆ ದೋಣಿ ಕಡಲಿಗಿಳಿಯುವ 10 ತಿಂಗಳಲ್ಲಿ, ತಿಂಗಳಿಗೆ 2,700 ಬೇರೆ ಇಟ್ಟರೆ ಅದೇ ಮೊತ್ತವಾಗುತ್ತದೆ. ಠೇವಣಿ ಇಡುವ ಜಾಗದ ಬಗ್ಗೆ ಒಂದು ಮಾತು: ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ; ಪ್ರಾಥಮಿಕ ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ನಮ್ಮಲ್ಲಿ ಸೊಸೈಟಿ ಎಂದರೆ ಮನೆಯಿದ್ದ ಹಾಗೆ, ನಂಬಿಕೆಗೆ ಕೊರತೆಯಿಲ್ಲ. ಆದರೂ ಫೀಸಿನ ಹಣ ಬ್ಯಾಂಕಿನಲ್ಲಿರಲಿ ಎಂದೇ ನಾನು ಹೇಳುತ್ತೇನೆ.

ವಿದ್ಯಾರ್ಥಿವೇತನವನ್ನು ಖಾತೆಗೆ ಜಮೆಯಾಗುವವರೆಗೆ ಆದಾಯದ ಮನೆಯಲ್ಲಿ ಬರೆಯಬೇಡಿ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಾದರೆ 5,000, ಹುಡುಗಿಯರಾದರೆ 5,500 ರೂಪಾಯಿ ಎಂದು ನಿಗದಿಯಾಯಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ನೆರವು ಕೊಡುವ ವಿದ್ಯಾಸಿರಿಯೂ ಇದೆ. ಇಂಥ ಹಣ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ, ಅದೂ ನೀವು ಕೊನೆಯಲ್ಲಿ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಆ ಖಾತೆಗೆ. ನನ್ನ ರೂಮಿನ ಗೆಳೆಯನೊಬ್ಬ ಹಣ ಬಂದಿಲ್ಲವೆಂದು ನಾಲ್ಕು ತಿಂಗಳು ಕಚೇರಿ ಅಲೆದ. ಕೊನೆಗೆ ಊರಿಗೆ ಹೋದಾಗ ಆಯಿಯ ಕಪಾಟಿನಲ್ಲಿದ್ದ, ಯಾವುದೋ ಕೆಲಸಕ್ಕೆಂದು ತೆರೆದು ಮರೆತಿದ್ದ ಖಾತೆಯ ಪಾಸ್‌ಬುಕ್ಕನ್ನು ಎಂಟ್ರಿ ಮಾಡಿಸಿದರೆ, ಹಣ ಅಲ್ಲಿ ಎಂದೋ ಬಂದು ಕುಳಿತಿತ್ತು. ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ, ಸರ್ಕಾರದ ಹಣ ಯಾವ ಖಾತೆಗೆ ಬರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಜನವರಿಯಲ್ಲೋ ಫೆಬ್ರವರಿಯಲ್ಲೋ ತಡವಾಗಿ ಬಂದ ಹಣವನ್ನು ಮುಂದಿನ ಜೂನ್‌ನ ಮನೆಗೆ ಬರೆಯಿರಿ.

ಇನ್ನು ದಿನದ ಖರ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ಕಾರವಾರದಿಂದ ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹುಡುಗರು ವಿದ್ಯಾರ್ಥಿ ಪಾಸಿಗೆ ಸೇವಾಸಿಂಧುವಿನಲ್ಲಿ ಮೊದಲ ವಾರವೇ ಅರ್ಜಿ ಹಾಕುವುದು ಲೇಸು, ತಡಮಾಡಿದಷ್ಟು ದಿನವೂ ಟಿಕೆಟ್ಟಿನ ಹಣ ಕೈಯಿಂದಲೇ ಹೋಗುತ್ತದೆ. ಶಿರಸಿಯಲ್ಲಿರುವವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆಂದು ಒಂದು ಮೊತ್ತ ಬರೆದಿಡಿ. ಜಾತ್ರೆಪೇಟೆಗೆ ಹೋಗುವುದಿಲ್ಲ ಎಂದು ಲೆಕ್ಕದಲ್ಲಿ ಬರೆದು ಆಮೇಲೆ ದಿನಾ ಹೋಗುವುದಕ್ಕಿಂತ ಅದು ಪ್ರಾಮಾಣಿಕ.

ಫೋನಿನಿಂದ ಹಣ ಕೊಡುವವರಿಗೆ ಎರಡು ಖಾತೆ ಬೇಕು. ಫೀಸು ಮತ್ತು ವಿದ್ಯಾರ್ಥಿವೇತನದ ಖಾತೆಯನ್ನು ಯುಪಿಐಗೆ ಜೋಡಿಸದೆ, ಕನಿಷ್ಠ ಶಿಲ್ಕಿನ ಷರತ್ತಿಲ್ಲದ ಇನ್ನೊಂದು ಖಾತೆಗೆ ಪ್ರತಿ ಸೋಮವಾರ ಆ ವಾರದ ಹಣವನ್ನಷ್ಟೇ ಹಾಕಿಕೊಳ್ಳಿ. ಈ ಎರಡನೆಯ ಖಾತೆ ತೆರೆಯುವಾಗ ಆಧಾರ್ ಜೋಡಣೆಯ ಒಪ್ಪಿಗೆಗೆ ಸಹಿ ಹಾಕಬೇಡಿ, ಹಾಕಿದರೆ ನನ್ನ ಗೆಳೆಯನ ಪಾಡು ನಿಮ್ಮದೂ ಆದೀತು. ಸಾವಿರ ಎರಡು ಸಾವಿರ ಕೊಡುತ್ತೇವೆ, ನಿನ್ನ ಖಾತೆಯನ್ನು ನಾಲ್ಕು ದಿನ ಬಳಸಲು ಕೊಡು ಎನ್ನುವವರ ಹತ್ತಿರ ಸುಳಿಯಬೇಡಿ. ವಂಚನೆಯ ಹಣ ಆ ಖಾತೆಯ ಮೂಲಕ ಸಾಗಿದರೆ ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರನನ್ನೇ. ನಿಮ್ಮ ಹಣವೇ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೈಗಡವನ್ನೂ ಇದೇ ಪುಸ್ತಕದಲ್ಲಿ ಬರೆಯಿರಿ, ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ. ಶಿಕ್ಷಣ ಸಾಲ ಪಡೆದವರಿಗೆ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 3 ಲಕ್ಷಕ್ಕೆ ಶೇ. 10ರಂತೆ ವರ್ಷಕ್ಕೆ 30,000. ಮನೆಯವರಿಂದ ಸಾಧ್ಯವಾದರೆ ಹಂಗಾಮಿನ ಹಣದಲ್ಲಿ ಆ ಬಡ್ಡಿಯನ್ನಷ್ಟಾದರೂ ಕಟ್ಟಿಸಿ.

ಮೇ ತಿಂಗಳಲ್ಲಿ ರೂಮು ಬಿಡುವಾಗ ಅಡ್ವಾನ್ಸನ್ನು ಕೇಳಿ ಪಡೆಯಿರಿ. ಮಾಲೀಕರು ವಿದ್ಯುತ್ ಬಿಲ್ಲಿಗೆಂದು ಹಿಡಿದುಕೊಳ್ಳುವುದುಂಟು. ರೂಮಿಗೆ ಬಂದ ದಿನವೇ ಮೀಟರಿನ ಅಂಕಿಯ ಫೋಟೋ ತೆಗೆದಿಟ್ಟು, ಅಡ್ವಾನ್ಸಿಗೆ ಒಂದು ಚೀಟಿ ಬರೆಸಿಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ. ಮರಳಿದ 5,000ವನ್ನು ಹೊಸ ಪುಟದ ಜೂನ್ ಮನೆಯಲ್ಲಿ, ಬರುವ ಹಣದ ಮೊದಲ ಸಾಲಿಗೆ ಬರೆಯಿರಿ.