ಬಾಗಿದ ಪಿನ್ನಿಗೆ ಒಂದೇ ಅವಕಾಶ

ಕೈಸ್ಕ್ಯಾನರ್, ಗೇಮ್ ಸಾಧನ, ಟ್ಯಾಬ್ಲೆಟ್‌ಗಳ ಎಕ್ಸ್‌ಪಾನ್ಷನ್ ಕನೆಕ್ಟರ್ (ಹೆಚ್ಚುವರಿ ಉಪಕರಣ ಜೋಡಿಸುವ ಕಿಂಡಿ) ಕೈಕೊಟ್ಟರೆ ‘ಸವೆದುಹೋಗಿದೆ’ ಎಂದುಬಿಡುವವರೇ ಹೆಚ್ಚು. ಯುಎಸ್‌ಬಿ-ಸಿ ಕನೆಕ್ಟರ್ 10,000 ಸಲ ಹಾಕಿ ತೆಗೆದರೂ ತಾಳುವಂತೆ ರೂಪಿಸಿದ್ದು. ದಿನಕ್ಕೆ 5 ಸಲ ಎಂದರೂ 5 ವರ್ಷ ದಾಟುತ್ತದೆ. ಕನೆಕ್ಟರಿನೊಳಗಿನ ಲೋಹದ ಪಿನ್ನನ್ನು ಅದಕ್ಕೂ ಮೊದಲೇ ಹಾಳುಮಾಡುವುದು ಓರೆಯಾಗಿ ತುರುಕುವ ಕೈ, ಒಳಗೆ ಕೂತ ಕೊಳೆ.

ಮೊದಲು ಸಾಧನ ಆಫ್ ಮಾಡಿ, ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿಡಿ.

ಮರದ ಹಲ್ಲುಕಡ್ಡಿಯ ತುದಿಯಿಂದ ಒಳಗಿನ ದೂಳನ್ನು ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ ಬೇಡವೇ ಬೇಡ. ಬಳಿಕ 90 ಶೇಕಡಾಕ್ಕಿಂತ ಗಾಢವಾದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೃದು ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಲು ಬಿಡಿ. ರಬ್ಬರಿನಿಂದ, ಉಪ್ಪುಕಾಗದದಿಂದ ಉಜ್ಜುವ ಅಡ್ಡದಾರಿ ಹಿಡಿಯಬೇಡಿ: ಪಿನ್ನಿನ ಮೇಲಿನ ಚಿನ್ನದ ಲೇಪನ ಸಾಮಾನ್ಯವಾಗಿ 1 ಮೈಕ್ರಾನ್ ದಪ್ಪವೂ ಇರುವುದಿಲ್ಲ. ಅದು ಹೋದರೆ ನಿಕ್ಕಲ್, ಅದೂ ಹೋದರೆ ತಾಮ್ರದ ಮಿಶ್ರಲೋಹ. ಅಲ್ಲಿಗೆ ಹಸಿರು ಕಿಲುಬು ಶುರು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಗಳೂ ಬೇಡ, ಅವುಗಳ ಜಿಡ್ಡು ದೂಳನ್ನು ಹಿಡಿದಿಡುತ್ತದೆ.

ಎಲ್ಲರೂ ಕೆಡಿಸುವುದು ಬಾಗಿದ ಪಿನ್ನನ್ನು ನೆಟ್ಟಗೆ ಮಾಡುವಾಗ. ಬಾಗಿಸಿದಷ್ಟೂ ಲೋಹ ಗಡುಸಾಗುತ್ತದೆ. ಎರಡು ಮೂರು ಸಲ ಆಚೀಚೆ ಆಡಿಸಿದರೆ ಬುಡದಲ್ಲೇ ಮುರಿಯಬಹುದು. ಹಾಗಾಗಿ ಆತುರ ಬೇಡ, ಭೂತಗನ್ನಡಿ ಹಿಡಿದೇ ಕೂರಿ. ಎದ್ದುನಿಂತ ಸೂಜಿಯಂಥ ಪಿನ್ನಾದರೆ ಸೀಸ ತೆಗೆದ ಕ್ಲಚ್ ಪೆನ್ಸಿಲ್ಲಿನ ಟೊಳ್ಳು ಲೋಹದ ಮೂತಿಗಿಂತ ಒಳ್ಳೆಯ ಸಾಧನವಿಲ್ಲ. ತೂತು ಪಿನ್ನಿಗೆ ಸಡಿಲವೂ ಆಗದೆ ಬಿಗಿಯೂ ಆಗದೆ ಹೊಂದಬೇಕು. ಮೂತಿಯನ್ನು ಪಿನ್ನಿನ ಮೇಲೆ ಬಾಗಿದ ಜಾಗದವರೆಗೂ ಇಳಿಸಿ. ನಡುವೆಯೇ ನಿಲ್ಲಿಸಿ ಎತ್ತಿದರೆ ಅಲ್ಲೊಂದು ಹೊಸ ಬಾಗು ಬೀಳುತ್ತದೆ. ಪಿನ್ನನ್ನು ಕೂದಲೆಳೆಯಷ್ಟು ಎತ್ತಿ, ಮೂತಿ ತೆಗೆದು, ಎದುರಿನಿಂದಲೂ ಪಕ್ಕದಿಂದಲೂ ನೋಡಿ. ಲೋಹ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಮತ್ತೆ ಅದೇ ದಿಕ್ಕಿಗೆ ಇನ್ನೊಂದಿಷ್ಟು. ಪಕ್ಕದ ಪಿನ್ನುಗಳ ಸಾಲಿಗೆ ಬಂದರೆ ಸಾಕು, ಕೈಬಿಡಿ. ಗೆರೆ ಹಾಕಿದಷ್ಟು ನೇರ ಮಾಡಲು ಹೋಗಿ ಹಿಂದಕ್ಕೆ ಬಾಗಿಸಿದರೆ ಪಿನ್ನು ಹೋಯಿತೆಂದೇ ಲೆಕ್ಕ. ಬುಡದಲ್ಲಿ ಬಿರುಕಿನ ಗೆರೆ ಕಂಡರೆ ಮುಟ್ಟಲೇಬೇಡಿ, ಕನೆಕ್ಟರನ್ನೇ ಬದಲಿಸಬೇಕು. ಮೆತ್ತಗಾಗಲೆಂದು ಸೋಲ್ಡರಿಂಗ್ ಕಡ್ಡಿಯಿಂದ ಕಾಯಿಸಿದರೆ ಸುತ್ತಲಿನ ಪ್ಲಾಸ್ಟಿಕ್ ಕರಗಬಹುದು.

ನೇರ ಹಿಡಿದು ಹಾಕಿ ನೋಡಿ. ತಡೆದರೆ ಒತ್ತದೆ ಹೊರತೆಗೆಯಿರಿ.

ದಿನವೂ ಹಾಕಿ ತೆಗೆಯುವವರು ಗಿಡ್ಡ, ಮೆದು ಎಕ್ಸ್‌ಟೆನ್ಷನ್ ಕೇಬಲ್ ಒಂದನ್ನು ಸಾಧನಕ್ಕೆ ಕಾಯಂ ಸಿಕ್ಕಿಸಿಡಿ; ಸವೆಯುವುದು ಅದರ ತುದಿ. ಗಟ್ಟಿ ಅಡಾಪ್ಟರ್ ಮಾತ್ರ ಬೇಡ, ತಗುಲಿದಾಗ ಅದು ಸನ್ನೆಗೋಲಿನಂತೆ ಕನೆಕ್ಟರನ್ನೇ ಮೀಟುತ್ತದೆ.