800ರಿಂದ ಭಾಗಿಸಿ, 40 ಸೇರಿಸಿ: ವಿಮಾನದ ಟೈಮ್ ಲೆಕ್ಕದಲ್ಲಿ ನನ್ನ ಅನುಭವ

ಟೂರ್ ನಡೆಸುವವರಿಗೆ ಈ ಕಷ್ಟ ಗೊತ್ತು. ಬೆಂಗಳೂರಿಂದ ಹೊರಡುವ ಕಾಶಿ ಪ್ಯಾಕೇಜಿನ ಪಾಂಪ್ಲೆಟ್ ಅಚ್ಚಿಗೆ ಹೋಗುವಾಗ ಟಿಕೆಟ್ ಇನ್ನೂ ಆಗಿರುವುದಿಲ್ಲ. ಆದರೆ ಅಲ್ಲಿನ ಬಸ್ಸಿನವರಿಗೆ ವಿಮಾನ ಇಳಿಯುವ ಟೈಮ್ ಹೇಳಲೇಬೇಕು. ಹೆಚ್ಚುಕಡಿಮೆಯಾದರೆ ವೇಟಿಂಗ್ ಚಾರ್ಜು ನಮ್ಮ ತಲೆಗೆ. ಒಂದು ಸೀಸನ್ನಿನಲ್ಲಿ ಬರೀ ಅದಕ್ಕೇ 40 ಸಾವಿರದ ಹತ್ತಿರ ಹೋಯಿತು. ಆಮೇಲೆ ನಾನೇ ಲೆಕ್ಕಕ್ಕೆ ಕೂತೆ. "ಎಲ್ಲಾ ನೆಟ್‌ನಲ್ಲೇ ಸಿಗುತ್ತೆ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ ಸಾರ್" ಅಂದರು ಜೊತೆಯವರು.

ನೆಟ್‌ನಲ್ಲಿ ಎಷ್ಟೋ ಕಡೆ ದೂರವನ್ನು ವಿಮಾನದ ವೇಗ ಅಂತ ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ ಕೈತೊಳೆದುಕೊಂಡಿರುತ್ತಾರೆ. ಹಾಗೆ ಮಾಡಿದರೆ ದೆಹಲಿಗೆ ಎರಡು ಗಂಟೆಯೂ ಆಗುವುದಿಲ್ಲ. ಟಿಕೆಟ್‌ನಲ್ಲಿ ಇರುವುದು ಎರಡೂಮುಕ್ಕಾಲು ಗಂಟೆ. ಸರಿ, 900ನ್ನು 620ಕ್ಕೆ ಇಳಿಸಿದೆ. ದೆಹಲಿಗೆ ಕೂತಿತು, ಮಂಗಳೂರಿಗೆ ಕೈಕೊಟ್ಟಿತು. 300 ಕಿ.ಮೀ.ಗೆ ಅರ್ಧ ಗಂಟೆ ಬಂತು, ನಿಜಕ್ಕೂ ಬೇಕಾಗುವುದು ಒಂದು ಗಂಟೆ. ಮುಂಬೈಗೂ ಇಪ್ಪತ್ತು ನಿಮಿಷ ಕಮ್ಮಿ.

ಟಿಕೆಟ್‌ನ ಟೈಮ್ ಗೇಟಿನಿಂದ ಗೇಟಿಗೆ, ಅಲ್ವಾ? ಗೇಟಿನಿಂದ ಹಿಂದಕ್ಕೆ ತಳ್ಳುವುದು, ರನ್‌ವೇಗೆ ಕ್ಯೂ, ಮೇಲೇರುವುದು, ಇಳಿಯುವ ಮೊದಲು ಒಂದು ಸುತ್ತು. ಇವೆಲ್ಲ 300 ಕಿ.ಮೀ.ಗೂ ಬೇಕು, 3,000ಕ್ಕೂ ಬೇಕು. ಅದನ್ನು ಬೇರೆ ತೆಗೆದಿಟ್ಟೆ. ಮಂಗಳೂರನ್ನೂ ದೆಹಲಿಯನ್ನೂ ಎದುರುಬದುರು ಇಟ್ಟಾಗ ಸೂತ್ರ ತಾನಾಗೇ ಬಂತು. ಕಿ.ಮೀ.ಯನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 40 ನಿಮಿಷ ಸೇರಿಸಿ.

ದೆಹಲಿಯ ದೂರಕ್ಕೆ ಕಂಪ್ಯೂಟರೇ ಬೇಡ. ನಮ್ಮ ಏರ್‌ಪೋರ್ಟ್ ಇರುವುದು ಅಕ್ಷಾಂಶ 13.2ರಲ್ಲಿ, ದೆಹಲಿಯದು 28.6ರಲ್ಲಿ. ರೇಖಾಂಶ ಎರಡಕ್ಕೂ 77ರ ಆಚೀಚೆ, ಅಂದರೆ ದಾರಿ ನೆಟ್ಟಗೆ ಉತ್ತರಕ್ಕೆ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.; 15.4 ಡಿಗ್ರಿಯನ್ನು ಅದರಿಂದ ಗುಣಿಸಿದರೆ 1,709 ಕಿ.ಮೀ. ಬೇರೆ ಊರುಗಳಿಗೆ ಎಕ್ಸೆಲ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ (ಅಕ್ಷಾಂಶ, ರೇಖಾಂಶ ಕೊಟ್ಟರೆ ಎರಡು ಊರಿನ ನಡುವಿನ ದೂರ ಹೇಳುವ ಸೂತ್ರ) ಹಾಕಿಟ್ಟಿದ್ದೇನೆ.

ಕಾಶಿ 1,470ರ ಸುಮಾರು, ಎರಡೂವರೆ ಗಂಟೆ ಬಂತು. ಹೈದರಾಬಾದ್, ಕೋಲ್ಕತ್ತಾ, ದುಬೈ ಎಲ್ಲ ಟಿಕೆಟ್‌ನ ಟೈಮಿಗೆ ಹತ್ತು ನಿಮಿಷದ ವ್ಯತ್ಯಾಸದ ಒಳಗೇ ಕೂತವು. ಬ್ಯಾಗು ಬರುವುದಕ್ಕೆ, ಹಿರಿಯರು ಹೊರಗೆ ಬರುವುದಕ್ಕೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ ಬಸ್ಸಿಗೆ ಹೇಳುತ್ತೇನೆ. ಕಳೆದ ಸೀಸನ್ನಿನಲ್ಲಿ ವೇಟಿಂಗ್‌ಗೆ ಹೋಗಿದ್ದು ಮೂರ್ನಾಲ್ಕು ಸಾವಿರ ಅಷ್ಟೇ. ಆವತ್ತು ಬೇಡ ಅಂದವರೇ ಈಗ ಫೋನ್ ಮಾಡಿ ಟೈಮ್ ಕೇಳುತ್ತಾರೆ. ಡಿಸೆಂಬರ್–ಜನವರಿ ಮಂಜಿಗೆ ಬೆಳಗಿನ ದೆಹಲಿ ಫ್ಲೈಟಿಗೆ ಎಷ್ಟು ಸೇರಿಸಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ನಾಲ್ಕು ವರ್ಷ ಬರೆದಿಟ್ಟು ಕಂಡುಕೊಂಡಿದ್ದು ಅದು.

ದೂರದ ಊರುಗಳನ್ನೂ ಪರೀಕ್ಷಿಸಿದೆ. ಲಂಡನ್ 8,000 ಕಿ.ಮೀ. ಹೋಗುವಾಗ ಲೆಕ್ಕ ಸರಿ, ಹತ್ತೂಮುಕ್ಕಾಲರ ಹತ್ತಿರ. ಬರುವಾಗ ಮುಕ್ಕಾಲು ಗಂಟೆಯಷ್ಟು ಬೇಗ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹಿಂದಿನಿಂದ ತಳ್ಳುತ್ತದೆ. 2021ರಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟ ಶುರುಮಾಡಿದಾಗ ಅದನ್ನೂ ಹಾಕಿ ನೋಡಿದೆ. 14,000 ಕಿ.ಮೀ.ಗೆ ನನ್ನ ಸೂತ್ರ 18 ಗಂಟೆ ಅಂದಿತು. ಇಲ್ಲಿ ಹೋಗುವ ದಾರಿಯೇ ಪೂರ್ವಕ್ಕೆ, ಹಾಗಾಗಿ ಹೋಗುವಾಗ ಬೇಕಾಗಿದ್ದು 16ರ ಆಸುಪಾಸು, ಬರುವಾಗ 17. ಹಾಗಾಗಿ ದುಬೈ ದಾಟಿದರೆ ಗಾಳಿ ನೋಡದೆ ನಾನು ಯಾವ ಪಾರ್ಟಿಗೂ ಟೈಮ್ ಹೇಳುವುದಿಲ್ಲ.